ಎಲ್ಲಿಗೂ ಹೋಗದ ದಾರಿಯಲ್ಲಿ ನೀಲಗಂಗಾ

ನಾನು ಒಂದು ಟ್ರೆಡ್‌ಮಿಲ್. ಜಿಮ್ಮಿನ ಕನ್ನಡಿಯೆದುರು ನಿಂತು ಹಾಡು ಕೇಳುವ ಭಾಗ್ಯ ನನ್ನದಲ್ಲ. ನಾನು ಹೃದಯದ ದವಾಖಾನೆಯ ಯಂತ್ರ. ಎದೆಗೆ ವೈರು ಅಂಟಿಸಿಕೊಂಡ ಜನ ನನ್ನ ಮೇಲೆ ಹತ್ತುತ್ತಾರೆ. ನಾನು ಅವರನ್ನು ನಡೆಸುತ್ತೇನೆ, ಏರು ಕೊಡುತ್ತೇನೆ, ವೇಗ ಹೆಚ್ಚಿಸುತ್ತೇನೆ. ಅವರ ಎದೆ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದೇ ನನ್ನ ಕಸುಬು. ಎಷ್ಟು ನಡೆದರೂ ನನ್ನ ಮೇಲಿದ್ದವರು ಒಂದು ಗೇಣು ಮುಂದೆ ಹೋಗುವುದಿಲ್ಲ.

ಹುಟ್ಟಿದ್ದು ಪುಣೆಯ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಮೊದಲು ಕಬ್ಬಿಣದ ಚೌಕಟ್ಟು, ಆಮೇಲೆ ಎರಡು ಉರುಳೆ, ಆಮೇಲೆ ಮೋಟರು, ಕೊನೆಗೆ ಮೈತುಂಬ ಕರಿಯ ಪಟ್ಟಿ. ನನ್ನ ಮೇಲೆ ಮೊದಲು ಹತ್ತಿದ್ದು ಮನುಷ್ಯರಲ್ಲ, ಒಂದು ಮರಳಿನ ಚೀಲ. ಕೆಲಸದವರು ಅದನ್ನು ನಿಲ್ಲಿಸಿ ಗುಂಡಿ ಒತ್ತಿದರು. ಪಟ್ಟಿ ಓಡಿತು, ಚೀಲ ದೊಪ್ಪನೆ ಬಿತ್ತು. ಅವರೆಲ್ಲ ನಕ್ಕರು. ಬೀಳುವುದೆಂದರೆ ಹೀಗೆ ನಗುವ ಸಂಗತಿ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಲಾರಿಯಲ್ಲಿ ಬಾಗಲಕೋಟೆಗೆ ಬಂದೆ. ದವಾಖಾನೆಯ ಎರಡನೇ ಮಾಳಿಗೆಯ ಕೋಣೆಯೊಂದರಲ್ಲಿ, ಹೃದಯದ ಗೆರೆ ಬರೆಯುವ ಯಂತ್ರದ ಪಕ್ಕ ನನ್ನನ್ನು ನಿಲ್ಲಿಸಿದರು. ನನ್ನನ್ನು ನಡೆಸುವವನು ದ್ಯಾಮಣ್ಣ. ಮೆತ್ತಗಿನ ಮಾತು, ಸದಾ ಕಟ್ಟಿದ ಮೂಗು. ಜನರ ಮುಖ ನೋಡುವುದು ಅವನ ಕೆಲಸ, ಪಾದ ಓದುವುದು ನನ್ನದು. ಕಬ್ಬಿನ ಗದ್ದೆಯ ಪಾದ ಯಾವುದು, ಬ್ಯಾಂಕಿನ ಕುರ್ಚಿಯ ಪಾದ ಯಾವುದು ಎಂದು ಎರಡು ಹೆಜ್ಜೆಗೆ ಹೇಳಬಲ್ಲೆ. ಹೆದರಿದವರ ಪಾದ ತಣ್ಣಗಿರುತ್ತದೆ. ಅಲ್ಲಿಗೆ ಬರುವವರೆಲ್ಲರ ಪಾದವೂ ತಣ್ಣಗೇ ಇರುತ್ತಿತ್ತು.

ಬಂದ ವರ್ಷವೇ ಒಬ್ಬ ನಿವೃತ್ತ ಫಾರೆಸ್ಟ್ ಗಾರ್ಡು ಹತ್ತಿದರು. ಗಟ್ಟಿ ಪಾದ, ಗಟ್ಟಿ ದನಿ. "ಇಷ್ಟ ಏನೋ ತಮ್ಮಾ? ಗುಡ್ಡ ಹತ್ತಿದ ಕಾಲು ಇವು. ಜೋರು ಮಾಡು," ಎಂದು ದ್ಯಾಮಣ್ಣನನ್ನು ಹಂಗಿಸಿದರು. ಅವನು ಜೋರು ಮಾಡಲಿಲ್ಲ, ನಿಯಮದ ಪ್ರಕಾರವೇ ನಡೆಸಿದ. ಆದರೂ ಅವರ ಎಡಗಾಲು ಬಂದಿತು, ಬಲಗಾಲು ಬರಲಿಲ್ಲ. ಡಾಕ್ಟರುಗಳು ಓಡಿ ಬಂದರು, ಎದೆ ಒತ್ತಿದರು. ಅವರು ಮತ್ತೆ ಏಳಲಿಲ್ಲ. ಅಂದಿನಿಂದ ದ್ಯಾಮಣ್ಣನ ಹೆಬ್ಬೆರಳು ನನ್ನನ್ನು ನಿಲ್ಲಿಸುವ ಕೆಂಪು ಗುಂಡಿಯ ಮೇಲಿಂದ ಕದಲಿದ್ದಿಲ್ಲ. ಮನುಷ್ಯ ಬೀಳುವುದಕ್ಕೂ ಮರಳಿನ ಚೀಲ ಬೀಳುವುದಕ್ಕೂ ಇರುವ ವ್ಯತ್ಯಾಸ ನನಗೂ ತಿಳಿಯಿತು.

ನೀಲಗಂಗಾ ಬಂದದ್ದು ಇದಾದ ಮೇಲೆ.

ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ. ಹುಡುಗಿ ಎನ್ನುವುದು ಅವಳ ತಾಯಿ ಶಾವಂತ್ರವ್ವನ ಮಾತು, ವಯಸ್ಸು ಮೂವತ್ತರ ಹತ್ತಿರ. ಒಂದು ಮೆಟ್ಟಿಲು ಹತ್ತಿದರೆ ಉಬ್ಬಸ, ಸಂಜೆಯಾದರೆ ಕಾಲಿಗೆ ಬಾವು, ಮೊದಲಿನಿಂದ ಫಿಟ್ಸ್ ಬೇರೆ. ಎದೆಯ ರೋಗವಿರಬೇಕೆಂದು ಅಲ್ಲಿಯ ಡಾಕ್ಟರು ಇಲ್ಲಿಗೆ ಕಳಿಸಿದ್ದರು. ಲಿಫ್ಟಿನಿಂದ ಕೋಣೆಯವರೆಗೆ ತಾಯಿ ಅವಳ ರಟ್ಟೆ ಬಿಟ್ಟಿರಲಿಲ್ಲ.

ಅವಳು ನನ್ನ ಮೇಲೆ ಪಾದ ಇಟ್ಟಳು. ನಾನು ಬೆಚ್ಚಿದೆ. ಅಂಥ ಪಾದವನ್ನು ನಾನು ಕಂಡೇ ಇರಲಿಲ್ಲ. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಕೂಸಿನ ಪಾದವನ್ನು ದೊಡ್ಡವರ ಮೈಗೆ ಹೊಲಿದಂತಿತ್ತು.

ಡಾಕ್ಟರ್ ತಸ್ಲೀಮಾ ಪಕ್ಕದಲ್ಲಿ ನಿಂತು ಕೇಳಿದರು. "ಫಿಟ್ಸ್ ಎಷ್ಟು ವರ್ಷದಿಂದ ಅದಾವವ್ವ?"

ಉತ್ತರ ತಾಯಿಯಿಂದ ಬಂತು. "ಒಂಬತ್ತು ವರ್ಷದಾಕಿ ಇದ್ದಾಗಿಂದ ರೀ. ಹೊಂಡದ ದಂಡಿ ಮ್ಯಾಲ ಬಿದ್ದಳು, ಸ್ವಲ್ಪರಾಗ ಉಳದಳು. ಅವತ್ತಿನಿಂದ ನಾ ಆಕಿನ್ನ ಬಿಟ್ಟಿಲ್ಲ. ಸಾಲಿ ಬಿಡಿಸಿದ್ನಿ. ನೀರಿಗೆ ಕಳಸಿಲ್ಲ, ಒಲಿ ಮುಂದ ಕುಂಡ್ರಿಸಿಲ್ಲ, ಮಾಳಗಿ ಹತ್ತಿಸಿಲ್ಲ. ಕಾಲು ಇಳಿಬಿಟ್ಟು ನೇಯೂ ಮಗ್ಗದ ಕುಣಿಯೊಳಗಂತೂ ಇಳಿಸೇ ಇಲ್ರಿ."

"ಮತ್ತ ದಿನಾ ಏನು ಮಾಡ್ತಾಳ?"

"ಕುಂತು ಲಾಳಿಗೆ ನೂಲಿನ ಕಂಡಿಕಿ ಸುತ್ತತಾಳ್ರಿ."

"ಕುಂತ ಇರ್ತೀನ್ರಿ," ಎಂದಳು ನೀಲಗಂಗಾ. ಅಂದು ಅವಳ ದನಿ ನಾನು ಕೇಳಿದ್ದು ಅಷ್ಟೇ.

ದ್ಯಾಮಣ್ಣ ಬಹಳ ಮೆಲ್ಲಗೆ ನನ್ನನ್ನು ಓಡಿಸಿದ. ಎಂಬತ್ತರ ಮುದುಕರೂ ನಡೆಯಬಲ್ಲ ನಡಿಗೆ ಅದು. ಅವಳ ಕಾಲು ದುಡಿಯತೊಡಗಿತು. ಕಾಲು ಕೇಳಿದಷ್ಟು ರಕ್ತವನ್ನು ಎದೆ ಕಳಿಸಬೇಕು, ಅದಕ್ಕೆ ಬಡಿತ ಏರಬೇಕು. ಅವಳದು ಏರಲಿಲ್ಲ. ಬಾಗಿಲು ಬಡಿಯುತ್ತಿದ್ದರೂ ಒಳಗಿನವರು ಏಳದಂತೆ ಅದು ತನ್ನ ಪಾಡಿಗೆ ಸಾವಕಾಶ ಬಡಿಯುತ್ತಿತ್ತು. ಮೊದಲ ಏರು ಕೊಡುವ ಮೊದಲೇ ಮೊಣಕಾಲು ಕುಸಿದವು. ಕೆಂಪು ಗುಂಡಿ ಒತ್ತಿದ ಸದ್ದಾಯಿತು. ತಾಯಿ ಹಿಂದಿನಿಂದ ಅವಳನ್ನು ತಬ್ಬಿ ಹಿಡಿದಿದ್ದಳು.

"ರಕ್ತನಾಳ ಚಲೋ ಅದಾವು," ಎಂದರು ಡಾಕ್ಟರು, ಕಾಗದ ನೋಡುತ್ತ. "ಆದ್ರ ಹೃದಯಕ್ಕ ಕೆಲಸ ಮರತಾಂಗ ಆಗೇತಿ. ಫಿಟ್ಸ್ ಇದ್ದವರೊಳಗ ಕೆಲವರಿಗೆ ಹಿಂಗ ಆಗತೈತಿ. ಒಂದು ಪಾಲು ರೋಗದ್ದು, ಒಂದು ಪಾಲು ಗುಳಿಗಿದು ಇರಬಹುದು. ದೊಡ್ಡ ಪಾಲು ಮಾತ್ರ ಕುಂತದ್ದರದ್ದು. ಈಕಿ ನಡೀಬೇಕು. ದಿನಾ ನಡೀಬೇಕು. ವಾರಕ್ಕ ಎರಡು ಸಲ ಇಲ್ಲಿ ನಮ್ಮ ಕಣ್ಣ ಮುಂದ ನಡೀಲಿ."

"ನಡದ್ರ ಬೀಳ್ತಾಳ್ರಿ ಬಾಯಾರ!"

"ಕುಂತಲ್ಲೇ ಬೀಳಾಕತ್ತಾಳವ್ವ. ಒಳಗ ಬೀಳಾಕತ್ತಾಳ, ನಿನಗ ಕಾಣವಲ್ದು."

ಶಾವಂತ್ರವ್ವ ಒಪ್ಪಲಿಲ್ಲ. ಒಪ್ಪಿದ್ದು ನೀಲಗಂಗಾ. ಮುಂದಿನ ವಾರ ತಾಯಿ ಮಗಳು ಇಬ್ಬರೂ ಬಂದರು. ದ್ಯಾಮಣ್ಣ ಛಾವಣಿಗೊಂದು ಕೊಂಡಿ ಹಾಕಿಸಿ, ಅದರಿಂದ ಇಳಿಬಿಟ್ಟ ಪಟ್ಟಿಯನ್ನು ಅವಳ ಸೊಂಟಕ್ಕೆ ಬಿಗಿದ. ಬಿದ್ದರೂ ನೆಲ ಮುಟ್ಟಬಾರದು ಎಂದು. ಆದರೂ ತಾಯಿ ಹಿಂದೆ ಎರಡೂ ಕೈ ಚಾಚಿ ನಿಲ್ಲುತ್ತಿದ್ದಳು. ಮಗಳು ನಡೆಯುವಷ್ಟು ಹೊತ್ತೂ ಆ ಕೈ ಇಳಿಯುತ್ತಿರಲಿಲ್ಲ.

ನನಗೂ ನೆಮ್ಮದಿ ಇರಲಿಲ್ಲ. ಉಳಿದವರು ಬೀಳುವ ಮುನ್ನ ಒಂದು ಸುಳಿವು ಕೊಡುತ್ತಾರೆ: ಹೆಜ್ಜೆ ಭಾರವಾಗುತ್ತದೆ, ಕೈ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಇವಳಿಗೆ ಫಿಟ್ಸ್ ಬರುವುದು ಹಾಗಲ್ಲ. ಬೆಳಕಿರುವ ಮನೆಯಲ್ಲಿ ಕರೆಂಟು ಹೋದಂತೆ ಬರುವಂಥದ್ದು. ಓಡುವ ಪಟ್ಟಿಯ ಮೇಲೆ ಅವಳಿದ್ದಾಗಲೆಲ್ಲ, ಈ ಹೆಜ್ಜೆಯೋ, ಮುಂದಿನದೋ ಎಂದು ನಾನು ಕಾಯುತ್ತಿದ್ದೆ.

ಬರಲಿಲ್ಲ. ವಾರಗಳು ಹೋದವು. ಹಿಮ್ಮಡಿ ಗಟ್ಟಿಯಾಯಿತು. ಹೆಬ್ಬೆರಳಿನ ಬುಡದಲ್ಲಿ ಮೊದಲ ಗಂಟು ಎದ್ದಿತು. ಬಡಿತ ಏರುವುದನ್ನು ಕಲಿಯತೊಡಗಿತು, ಹಠಮಾರಿ ಎಮ್ಮೆ ಮೆಟ್ಟಿಲು ಹತ್ತಿದ ಹಾಗೆ, ಮೆಲ್ಲಗೆ, ಆಗಾಗ ನಿಂತು. "ದ್ಯಾಮಣ್ಣಾರ, ಏರು ಕೊಡ್ರಿ," ಎಂದು ಅವಳೇ ಕೇಳುವಂತಾದಳು. ಏರಿನಲ್ಲಿ ನಡೆಯುತ್ತ ಒಮ್ಮೆ ನಕ್ಕಳು. ತಾಯಿಗೆ ಅದು ಗಾಬರಿಯಾಗಿ, "ಯಾಕ ನಗ್ತೀ? ಏನಾತು?" ಎಂದು ಓಡಿ ಬಂದಳು.

ತಾಯಿ ಚೀಟಿ ಬರೆಸಲು ಹೊರಗೆ ಹೋಗಿದ್ದ ಒಂದು ದಿನ ಅವಳು ದನಿ ತಗ್ಗಿಸಿ ಹೇಳಿದಳು. "ಮೊನ್ನೆ ಅವ್ವ ಸಂತಿಗೆ ಹೋದಾಗ ಕುಣಿಮಗ್ಗಕ್ಕ ಇಳದಿದ್ದೆ ರೀ. ಒಂದು ಗೇಣು ಕುಪ್ಪಸದ ಖಣ ನೇಯ್ದೆ. ಕಾಲು ಸೋಲಲಿಲ್ಲ."

ದ್ಯಾಮಣ್ಣ ಸಂತೋಷಪಡಲಿಲ್ಲ. "ಯಾರೂ ಇಲ್ಲದಾಗ ಇಳೀಬ್ಯಾಡ ತಂಗಿ. ಕುಣಿಯಾಗ ಬಿದ್ರ ಕೇಳವರು ಯಾರು?"

"ಕೇಳವರು ಇದ್ದಾಗ ಇಳಸೂದಿಲ್ಲಲ್ರಿ," ಎಂದಳು.

ಆಮೇಲೆ ಮದುವೆಯ ಮಾತು ಬಂತು. ರಬಕವಿಯ ಕಡೆಯ ಮನೆತನ. ಹುಡುಗನದು ಎರಡನೆಯ ಸಂಬಂಧ, ಮೊದಲನೆಯವಳು ತೀರಿಕೊಂಡಿದ್ದಳು. ಮಗಳಿಗೆ ಎಂದೂ ಆಗದೆಂದುಕೊಂಡಿದ್ದ ಮದುವೆ ಬಾಗಿಲಿಗೆ ಬಂದು ನಿಂತಾಗ ಶಾವಂತ್ರವ್ವನ ಮುಖವೇ ಬೇರೆಯಾಯಿತು. ಮಗಳು ಈಗ ನಡೆಯುತ್ತಾಳೆ, ಮುಖಕ್ಕೆ ಬಣ್ಣ ಬಂದಿದೆ, ನೋಡಿದವರಿಗೆ ರೋಗ ಕಾಣುವುದಿಲ್ಲ. ಕಾಣದಿದ್ದುದನ್ನು ಹೇಳುವುದೇಕೆ?

"ಯಾರರ ಬಂದು ಕೇಳಿದ್ರ," ಎಂದು ಅವಳು ದ್ಯಾಮಣ್ಣನ ಎದುರು ಸೆರಗು ಒಡ್ಡಿದಳು, "ಕಾಲು ನೋವಿಗೆ ಬರ್ತಾಳ ಅಂತ ಹೇಳ್ರಿ. ನಿಮ್ಮ ತಂಗಿ ಅಂತ ತಿಳೀರಿ."

ದ್ಯಾಮಣ್ಣ ಮೂಗು ಒರೆಸಿಕೊಂಡ.

ಆ ದಿನಗಳಲ್ಲಿ ನೀಲಗಂಗಾಳ ಹೆಜ್ಜೆ ಹಗುರಾಯಿತು. ಮೊದಲಿದ್ದ ತೂಕಡಿಕೆ ಹೋಯಿತು. ಕಣ್ಣು ಹೊಳೆಯುತ್ತಿದ್ದವು ಎಂದು ದ್ಯಾಮಣ್ಣನೇ ಹೇಳಿದ. "ಇವತ್ತು ಮುಖದಾಗ ಕಳೆ ಐತಿ ನೋಡ್ರಿ." ಎಲ್ಲರೂ ಹಿಗ್ಗಿದರು. ನನಗೆ ಮಾತ್ರ ಕೆಳಗಿನಿಂದ ಬೇರೆ ಸಂಗತಿ ತಿಳಿಯುತ್ತಿತ್ತು. ನಡೆಯುತ್ತ ನಡೆಯುತ್ತ ಒಂದು ಹೆಜ್ಜೆ ತಡವಾಗಿ ಬರುತ್ತಿತ್ತು. ಪಾದದೊಳಗೆ ಆ ಕ್ಷಣ ಯಾರೂ ಇರುತ್ತಿರಲಿಲ್ಲ. ಮರುಕ್ಷಣ ಅವಳು ಮರಳಿ ಬಂದು ನಡೆಯುತ್ತಿದ್ದಳು, ಹೋಗಿದ್ದೆನೆಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಮೊದಲ ವಾರ ಒಮ್ಮೆ. ಮುಂದಿನ ವಾರ ಎರಡು ಸಾರಿ.

ಅದು ಒಂದು ಬುಧವಾರ, ಬಿಸಿಲು ಕಿಟಕಿಯಿಂದ ನನ್ನ ಪಟ್ಟಿಯ ಮೇಲೇ ಬಿದ್ದಿತ್ತು. ಅವಳು ಏರಿನಲ್ಲಿದ್ದಳು. ತುಟಿ ಚಪ್ಪರಿಸಿದ ಸದ್ದು ಕೇಳಿತು, ಏನೋ ತಿನ್ನುತ್ತಿರುವವರ ಹಾಗೆ. ದ್ಯಾಮಣ್ಣ ತಲೆಯೆತ್ತಿದ. ಬಲಗಾಲು ಬರಲಿಲ್ಲ. ಎಡಗಾಲೂ ಬರಲಿಲ್ಲ. ಎರಡೂ ಪಾದ ಪಟ್ಟಿಯ ಜೊತೆ ಹಿಂದಕ್ಕೆ ಜಾರಿದವು, ಮೈ ಸೆಟೆಯಿತು, ಕೆಂಪು ಗುಂಡಿ ಬಿತ್ತು, ನಾನು ನಿಂತೆ. ಛಾವಣಿಯ ಕೊಂಡಿ ಕಿರ್ರೆಂದಿತು. ಅವಳು ಅದರಲ್ಲಿ ಜೋತುಬಿದ್ದಿದ್ದಳು.

"ಕಬ್ಬಣ ಕೊಡ್ರಿ, ಕೈಯಾಗ ಕಬ್ಬಣ ಕೊಡ್ರಿ!" ಎಂದು ತಾಯಿ ಸೊಂಟದ ಕೀಲಿಗೊಂಚಲು ಕಿತ್ತುಕೊಂಡು ಓಡಿ ಬಂದಳು. ಡಾಕ್ಟರ್ ತಸ್ಲೀಮಾ ಆಕೆಯನ್ನು ಸರಿಸಿ, ನೀಲಗಂಗಾಳನ್ನು ನೆಲಕ್ಕಿಳಿಸಿ ಒಂದು ಮಗ್ಗುಲಿಗೆ ಹೊರಳಿಸಿದರು.

ಅಷ್ಟರಲ್ಲಿ ಸೆಟೆದ ಮೈ ಒಮ್ಮೆಲೇ ಸಡಿಲಾಯಿತು. ಫಿಟ್ಸ್ ಬಿಟ್ಟಿತೆಂದು ತಾಯಿ ಉಸಿರು ಬಿಟ್ಟಳು. ದ್ಯಾಮಣ್ಣ ಪಕ್ಕದ ಯಂತ್ರದ ಕಡೆ ನೋಡುತ್ತಿದ್ದ. ಬೆರಳು ಚಾಚಿ ಡಾಕ್ಟರಿಗೆ ತೋರಿಸಿದ. ಬೆಟ್ಟ ಕಣಿವೆ ಬರೆಯುತ್ತಿದ್ದ ಆ ಯಂತ್ರ ಈಗ ಒಂದೇ ಸಮ ಗೆರೆ ಎಳೆಯುತ್ತಿತ್ತು. ಬಯಲು. ಬರೀ ಬಯಲು. ಡಾಕ್ಟರು ಎದೆಯ ಮೇಲೆ ಎರಡೂ ಕೈ ಊರಿದರು. ಒತ್ತಿದರು, ಮತ್ತೆ ಒತ್ತಿದರು. ನಾನು ನಿಂತಲ್ಲೇ ನಿಂತಿದ್ದೆ.

ಗೆರೆ ಒಮ್ಮೆ ಮೇಲೆ ಜಿಗಿಯಿತು. ಆಮೇಲೆ ಇನ್ನೊಮ್ಮೆ. ನೀಲಗಂಗಾ ಉದ್ದಕ್ಕೆ ಉಸಿರೆಳೆದು ಕಣ್ಣು ತೆರೆದು, "ಏರು ಸಾಕ್ರಿ," ಎಂದಳು.

ಅವಳನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಡಾಕ್ಟರು ತಾಯಿಯ ಕಡೆ ತಿರುಗಿದರು. "ಗುಳಿಗಿ ಬರೋಬ್ಬರಿ ಕೊಡ್ತೀಯೇನವ್ವ?"

ಶಾವಂತ್ರವ್ವ ನೆಲ ನೋಡಿದಳು. "ರಬಕವಿ ಮಂದಿ ಬಂದಾಗ ತೂಕಡಿಸಬಾರದಂತ... ಮುಂಜಾನಿದು ಬಿಡಿಸಿದ್ನಿ ರೀ. ಚಲೋ ಇದ್ದಳಲ್ಲ, ಅದಕ್ಕ ರಾತ್ರಿದೂ ಅರ್ಧ ಮಾಡಿದ್ನಿ."

"ನಾನೂ ಹೂಂ ಅಂದಿದ್ದೆ ರೀ," ಎಂದಳು ಮಗಳು ಮಲಗಿದಲ್ಲಿಂದಲೇ. "ಎಚ್ಚರ ಇರೂದು ಅಂದ್ರ ಹೆಂಗಂತ ನನಗ ಗೊತ್ತ ಇರಲಿಲ್ಲ. ಬಿಡಾಕ ಮನಸು ಬರಲಿಲ್ಲ."

ಡಾಕ್ಟರು ಆ ಕಾಗದವನ್ನು ಇಬ್ಬರ ಮುಂದೂ ಹಿಡಿದರು. "ಇಲ್ಲಿ ನೋಡ್ರಿ. ಫಿಟ್ಸ್ ಬಂದಾಗ ಈಕಿ ಎದಿ ನಿಲ್ಲತೈತಿ. ಇವತ್ತು ವೈರು ಇದ್ದವು, ನಾವು ಇದ್ವಿ, ಕಂಡಿತು. ಇಷ್ಟು ವರ್ಷ ಎಷ್ಟು ಸಲ ಹಿಂಗ ನಿಂತು ಮತ್ತ ಹೊಂಟೈತೋ ಯಾರಿಗೆ ಗೊತ್ತು? ಒಂದು ದಿನ ನಿಂತದ್ದು ಮತ್ತ ಹೊಂಡೂದಿಲ್ಲ. ನಿದ್ದಿಯೊಳಗ ಆದ್ರ ಬಾಜೂಕ ಮಲಗಿದವರಿಗೂ ಗೊತ್ತಾಗೂದಿಲ್ಲ." ಗುಳಿಗೆ ಪೂರ್ತಿ ನುಂಗಬೇಕು, ತೂಕಡಿಕೆ ಬಂದರೆ ಬೇರೆ ಗುಳಿಗೆ ಬರೆಸಬೇಕು, ಅದರ ಜೊತೆಗೆ ಹುಬ್ಬಳ್ಳಿಗೆ ಹೋಗಿ ಎದೆಗೆ ಪೇಸ್‌ಮೇಕರ್ ಹಾಕಿಸಬೇಕು ಎಂದರು. ಬಡಿತ ನಿಂತರೆ ಅದು ತಟ್ಟಿ ಎಬ್ಬಿಸುತ್ತದೆ.

"ಎಲ್ಲೆ ಹಾಕ್ತಾರ್ರಿ?"

"ಎಡಗಡೆ, ಭುಜದ ಕೆಳಗ. ಸಣ್ಣ ಗಾಯ."

"ಗುರ್ತು ಉಳೀತೈತೇನ್ರಿ?"

"ಉಳೀತೈತಿ."

"ಕುಪ್ಪಸದಾಗ ಮುಚ್ಚತೈತಿಲ್ರಿ?"

"ಮಂದಿಯಿಂದ ಮುಚ್ಚತೈತವ್ವ. ಗಂಡನಿಂದ ಹೆಂಗ ಮುಚ್ಚತೀ?"

ಶಾವಂತ್ರವ್ವ ಕೀಲಿಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಗಿಸಿಕೊಂಡಳು. "ಮದುವಿ ಆಗಲಿ. ಆಮ್ಯಾಲ ಹಾಕಿಸ್ತೀವಿ." ಹೋಗುವಾಗ ನನ್ನ ಕಡೆ ತಿರುಗಿ, "ಮನ್ಯಾಗ ಸುಮ್ನ ಕುಂತಾಕಿನ್ನ ತಂದು ಈ ರಾಕ್ಷಸನ ಮ್ಯಾಲ ಹತ್ತಿಸಿದ್ನಿ," ಎಂದಳು. ನನ್ನನ್ನು ಕುರಿತು ಅಷ್ಟು ದ್ವೇಷದಿಂದ ಯಾರೂ ಮಾತಾಡಿರಲಿಲ್ಲ.

ಮತ್ತೆ ಅವರು ಬರಲಿಲ್ಲ.

ದ್ಯಾಮಣ್ಣ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಬೇರೆ ರೋಗಿಗಳು ಬಂದರು, ನಡೆದರು, ಹೋದರು. ಛಾವಣಿಯ ಕೊಂಡಿಯಿಂದ ಸೊಂಟದ ಪಟ್ಟಿ ಖಾಲಿಯಾಗಿ ಇಳಿಬಿದ್ದಿತ್ತು. ಫ್ಯಾನು ಹಾಕಿದಾಗ ಅದು ತೂಗುತ್ತಿತ್ತು, ಹತ್ತಿದವರು ಅದನ್ನು ಕಂಡು ಮುಖ ತಿರುಗಿಸುತ್ತಿದ್ದರು. ಕೊನೆಗೆ ದ್ಯಾಮಣ್ಣ ಅದನ್ನು ಬಿಚ್ಚಲು ಸ್ಟೂಲು ಹತ್ತಿದ. ಹತ್ತಿ, ಬಿಚ್ಚದೇ ಇಳಿದ. "ಬಿಚ್ಚಿದ್ರ ಆಕಿಗೆ ಏನೋ ಆದಾಂಗ ಅನಸ್ತೈತ್ರಿ ಮೇಡಂ," ಎಂದು ಡಾಕ್ಟರಿಗೆ ಹೇಳಿದ.

ಮದುವೆಗಳ ಕಾಲ ಅದು. ಬೀದಿಯಲ್ಲಿ ಬಾಜಾಭಜಂತ್ರಿ ಹೋದಾಗಲೆಲ್ಲ ದ್ಯಾಮಣ್ಣ ಕಿಟಕಿಗೆ ಹೋಗುತ್ತಿದ್ದ. ಹೊಸ ಮನೆ, ಹೊಸ ಹಾಸಿಗೆ, ಮುಚ್ಚಿಟ್ಟ ಗುಳಿಗೆ. ಪಕ್ಕದಲ್ಲಿ ಏನೂ ಅರಿಯದೆ ನಿದ್ದೆ ಹೋಗುವ ಒಬ್ಬ ಗಂಡಸು. ಮಾತು ಬಾರದ ನನಗೇ ಇದೆಲ್ಲ ಕಣ್ಣಿಗೆ ಕಟ್ಟುತ್ತಿತ್ತೆಂದರೆ ದ್ಯಾಮಣ್ಣನಿಗೂ ಡಾಕ್ಟರಿಗೂ ಹೇಗಿದ್ದಿರಬೇಡ.

ಒಂದು ಮುಂಜಾನೆ ಬಾಗಿಲು ತೆರೆಯಿತು. ನೀಲಗಂಗಾ. ಹಿಂದೆ ಯಾರೂ ಇರಲಿಲ್ಲ. ಕುತ್ತಿಗೆ ಬೆವರಿತ್ತು, ಆದರೆ ಉಸಿರು ಸಮವಾಗಿತ್ತು.

"ಅವ್ವ ಎಲ್ಲಿ?" ಎಂದ ದ್ಯಾಮಣ್ಣ ಗಾಬರಿಯಿಂದ.

"ಒಬ್ಬಾಕಿನ ಬಂದೆ. ಬಸ್ಸಿನಾಗ. ಲಿಫ್ಟು ಬ್ಯಾಡನಿಸ್ತು, ಮೆಟ್ಟಿಲು ಹತ್ತಿದೆ ರೀ." ಹಾಗೆಂದು ನನ್ನ ಅಂಚಿನ ಮೇಲೆ ಕುಳಿತುಕೊಂಡಳು. ಡಾಕ್ಟರ್ ತಸ್ಲೀಮಾ ಬಂದರು.

"ಎದಿಗೆ ಆ ಯಂತ್ರ ಹಾಕಸ್ರಿ ಬಾಯಾರ. ಸಹಿ ನಾ ಮಾಡ್ತೀನಿ."

"ಮದುವಿ?"

"ರಬಕವಿಗೆ ಫೋನ್ ಮಾಡಿದ್ದೆ ರೀ. ನನ್ನ ಮದುವಿ ಆಗವರ ಕೂಡನ ಮಾತಾಡಿದೆ. ನನಗ ಫಿಟ್ಸ್ ಅದಾವು, ಎದಿ ನಿಲ್ಲತೈತಿ, ಒಂದು ಯಂತ್ರ ಹಾಕಿಸ್ಕೊಂತೀನಿ, ಎಲ್ಲಾ ಹೇಳಿದೆ."

"ಏನಂದ್ರು?"

"ಮೊದಲ್ನೇದಾಕಿ ತನ್ನ ರೋಗ ಹೇಳದ ಹೋದಳು ಅಂದ್ರು. ಆಕಿಗೆ ಏನಿತ್ತೋ ನನಗ ಗೊತ್ತಿಲ್ರಿ. ಆಮ್ಯಾಲ ಫೋನ್ ಇಟ್ರು, ಮತ್ತ ಮಾಡಿಲ್ಲ." ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಇಟ್ಟದ್ದು ಸಿಟ್ಟಿಲೆ ಅಲ್ರಿ. ಮೆಲ್ಲಕ ಇಟ್ರು."

ಆಗ ಅವಳು ಅತ್ತಳು. ಇಪ್ಪತ್ತು ವರ್ಷ ಕುಳಿತಿದ್ದವಳು ನನ್ನ ಮೇಲೆ ಕುಳಿತು ಅತ್ತದ್ದು ಅದೊಂದೇ ಸಲ. ದ್ಯಾಮಣ್ಣ ನೀರು ತಂದುಕೊಟ್ಟ. ಹುಬ್ಬಳ್ಳಿಗೆ ಅವಳ ಜೊತೆ ತನ್ನ ಹೆಂಡತಿಯನ್ನು ಕಳಿಸಿದ. ಮರುದಿನ ಅಲ್ಲಿ ಮಂಚದ ಪಕ್ಕ ಶಾವಂತ್ರವ್ವನೂ ಬಂದು ಕುಳಿತಿದ್ದಳಂತೆ.

ಗಾಯ ಮಾಯ್ದ ಮೇಲೆ ತಾಯಿ ಮಗಳು ಕೂಡಿಯೇ ಬಂದರು. ವೈರು ಅಂಟಿಸಲು ನರ್ಸು ಸೆರಗು ಸರಿಸಿದಾಗ ಶಾವಂತ್ರವ್ವ ಬಗ್ಗಿ ಆ ಗುರುತನ್ನು ನೋಡಿದಳು. ಬಟ್ಟೆ ಕಟ್ಟಿದ ಗಾಯವನ್ನಷ್ಟೇ ಅಲ್ಲಿಯವರೆಗೆ ಅವಳು ಕಂಡಿದ್ದಿರಬೇಕು. ಬೆರಳಿಂದ ಮುಟ್ಟಿದಳು. ಕಿರುಬೆರಳಿನಷ್ಟು ಉದ್ದ, ಅಷ್ಟೇ.

"ಇಷ್ಟ ಗಾಯಕ್ಕ ಹೆದರಿದ್ನೇನವ್ವ ನಾ?" ಎಂದಳು. "ಇಷ್ಟಕ್ಕ ನಿನ್ನ ಮಣ್ಣಿಗೆ ಕೊಡ್ತಿದ್ನೇನು?"

ಮಗಳು ನನ್ನ ಮೇಲೆ ಹತ್ತಿದಳು. ಅಂದು ಅವಳು ನಡೆದ ನಡಿಗೆ ನನಗೆ ಮರೆಯುವುದಿಲ್ಲ. ಏರಿನ ಮೇಲೆ ಏರು ಕೇಳಿದಳು. ಬಡಿತ ಕಾಲಿನ ಬೆನ್ನು ಹತ್ತಿ ಓಡಿತು. ಡಾಕ್ಟರು ಮಾತ್ರ ಪೂರ್ತಿ ನಗಲಿಲ್ಲ. "ಇದು ಎದಿ ಕಾಯತೈತಿ. ಫಿಟ್ಸ್ ತಡಿಯೂದಿಲ್ಲ," ಎಂದರು. "ಫಿಟ್ಸಿಗೆ ಬ್ಯಾರೆ ದಾರಿಲೆನೂ ಜೀವ ಒಯ್ಯೂದು ಗೊತ್ತೈತಿ. ಗುಳಿಗಿ ಒಂದು ದಿನಾನೂ ತಪ್ಪಬಾರದು. ರಾತ್ರಿ ಒಬ್ಬಾಕಿನ ಮಲಗಬ್ಯಾಡ."

ಅವಳು ವರ್ಷಕ್ಕೊಮ್ಮೆ ಬರುತ್ತಿದ್ದಳು. ಕುಣಿಮಗ್ಗಕ್ಕೆ ಇಳಿದಳು ಎಂದು ಅವಳ ಪಾದವೇ ಹೇಳಿತು. ಮಗ್ಗದ ಮೆಟ್ಟುಗೋಲು ತುಳಿದ ಗುರುತು ಬೇರೆ ಎಲ್ಲಿಯೂ ಬರುವುದಿಲ್ಲ. ಈಗ ಕಂಡಿಕೆ ಸುತ್ತುವವಳು ಶಾವಂತ್ರವ್ವ, ಮಗ್ಗದ ಎದುರು ಕುಳಿತು, ಮಗಳ ಮುಖದಿಂದ ಕಣ್ಣು ತೆಗೆಯದೆ. ಲಾಳಿಯ ಸದ್ದು ಒಂದು ಸಲ ತಪ್ಪಿದರೂ ಎದ್ದು ನಿಲ್ಲುತ್ತಾಳಂತೆ. ಫಿಟ್ಸ್ ಪೂರ್ತಿ ಬಿಟ್ಟಿರಲಿಲ್ಲ. ವರ್ಷದಲ್ಲಿ ಒಂದೋ ಎರಡೋ, ಹೇಳದೆ ಕೇಳದೆ. ಪ್ರತಿ ಬೇಸಿಗೆಯಲ್ಲೂ ಅವಳ ದಿನ ಹತ್ತಿರ ಬಂದಾಗ, ಬಾಗಿಲಲ್ಲಿ ಅವಳ ಹೆಜ್ಜೆ ಕೇಳುವವರೆಗೆ ನಾನು ಭಯದಲ್ಲೇ ಇರುತ್ತಿದ್ದೆ.

ನನಗೂ ವಯಸ್ಸಾಯಿತು. ಮೋಟರು ಬಿಸಿಯಾಗತೊಡಗಿತು, ಪಟ್ಟಿ ಒಂದು ಮಗ್ಗುಲಿಗೆ ಎಳೆಯತೊಡಗಿತು. ಒಂದು ದಿನ ಓಡುತ್ತ ಓಡುತ್ತ ತಟಕ್ಕನೆ ನಿಂತುಬಿಟ್ಟೆ, ಅದೃಷ್ಟಕ್ಕೆ ಮೇಲಿದ್ದವರು ಕಂಬಿ ಹಿಡಿದಿದ್ದರು. ಹೊಸ ಯಂತ್ರ ಬಂತು. ನನ್ನನ್ನು ನಾಲ್ಕು ಜನ ಹೊತ್ತು ಕೆಳಗಿನ ಅಂತಸ್ತಿನ ಹಿಂದಿನ ಪಡಸಾಲೆಗೆ ತಂದಿಟ್ಟರು. ಗುಜರಿಯವನು ಬರುವುದಿದೆ ಎಂದರು. ಇನ್ನೂ ಬಂದಿಲ್ಲ. ಜನ ನನ್ನ ಮೇಲೆ ಚೀಲ ಇಡುತ್ತಾರೆ, ಊಟದ ಡಬ್ಬಿ ಇಡುತ್ತಾರೆ. ನೀಲಗಂಗಾ ಈಗ ಬಂದರೂ ನೇರ ಮೇಲೆ ಹೋಗುತ್ತಾಳೆ, ಬಂದಳೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಇಲ್ಲಿಗೆ ಬಂದ ಮೇಲೆ ಇದು ಎರಡನೆಯ ಬೇಸಿಗೆ.

ಇಂದು ಮಧ್ಯಾಹ್ನ ಹಳ್ಳಿಯ ಹೆಂಗಸೊಬ್ಬಳು ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಮಗು ಸಣ್ಣದಲ್ಲ, ಸಾಲಿಗೆ ಹೋಗುವ ವಯಸ್ಸು. ಅದರ ಕಾಲು ತಾಯಿಯ ಮೊಣಕಾಲಿನವರೆಗೆ ಇಳಿಬಿದ್ದಿದ್ದವು. ಬೆಂಚಿನ ಮೇಲಿದ್ದ ಮುದುಕಿ ಕೇಳಿದಳು. "ಇಷ್ಟು ದೊಡ್ಡಾಕಿನ್ನ ಯಾಕ ಹೊತ್ತೀಯವ್ವ? ಕಾಲಿಲ್ಲೇನು?"

"ಕಾಲು ಗಟ್ಟಿ ಅದಾವು," ಎಂದಳು ಆ ತಾಯಿ. "ಫಿಟ್ಸ್ ಬರ್ತಾವು. ಅದಕ್ಕ ಇಳಸೂದಿಲ್ಲ."

ಚೀಟಿ ಬರೆಸಲು ಹೋಗಬೇಕಿತ್ತು. ಅತ್ತ ಇತ್ತ ನೋಡಿ ಮಗುವನ್ನು ನನ್ನ ಪಟ್ಟಿಯ ಮೇಲೆ ಕೂರಿಸಿದಳು. "ಇಳೀಬ್ಯಾಡ. ನಾ ಬರೂತನಕ ಹಿಂಗ ಕುಂತಿರು."

ತಾಯಿ ಮರೆಯಾದ ಮೇಲೆ ಮಗು ಮೆಲ್ಲಗೆ ಎದ್ದು ನಿಂತಿತು. ಕಂಬಿ ಹಿಡಿಯಿತು. ಒಂದು ಪಾದ ಮುಂದಿಟ್ಟಿತು, ಇನ್ನೊಂದು ಪಾದ ಇಟ್ಟಿತು, ನಾನು ಓಡುತ್ತೇನೆಂದು ಕಾಯಿತು. ನನ್ನೊಳಗಿನ ಮೋಟರು ಸುಟ್ಟು ಎಷ್ಟೋ ದಿನವಾಗಿತ್ತು. ಸ್ವಲ್ಪ ಹೊತ್ತು ನೋಡಿ ಅದು ಮತ್ತೆ ಕುಳಿತುಕೊಂಡಿತು.